ವಾರಗಿತ್ತಿ ಮತ್ತು ವಾಲ್ನಟ್ ಬಣ್ಣದ ಬೇಲಿ

ನನ್ನ ವಾರಗಿತ್ತಿಯೂ ನಾನೂ ಮಾತು ಬಿಟ್ಟಿದ್ದು ಒಂದು ಬದುವಿನ ದೆಸೆಯಿಂದ. ಬದುವೂ ನಮ್ಮದಲ್ಲ, ಜಗಳವೂ ನಮ್ಮದಲ್ಲ. ನನ್ನ ಗಂಡ ಮತ್ತು ಅವರ ಅಣ್ಣ ಹೊಲ ಭಾಗ ಮಾಡಿಕೊಂಡಾಗ ನಡುವೆ ಒಂದು ಬದು ಬಿತ್ತು. ಭಾವನವರು ಅದರ ಮೇಲೆ ಕತ್ತಾಳೆ ನೆಟ್ಟರು. ಅದು ನಮ್ಮ ಕಡೆಗೆ ಒಂದು ಮೊಳ ಬಂದಿದೆ ಅಂತ ನನ್ನ ಗಂಡ ಕಿತ್ತು ಹಾಕಿದರು. ಊರ ಹಿರಿಯರು ಕೂತು ಪಂಚಾಯ್ತಿ ಮಾಡಿದರು, ಹಗ್ಗ ಹಿಡಿದು ಅಳೆದರು, ಕಾಫಿ ಕುಡಿದು ಎದ್ದು ಹೋದರು. ಅವತ್ತಿನಿಂದ ಅಣ್ಣ ತಮ್ಮ ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ತಮ್ಮ ಚಪ್ಪಲಿ ನೋಡಿಕೊಳ್ಳುತ್ತಿದ್ದರು. ಗಂಡಂದಿರು ಮಾತು ಬಿಟ್ಟ ಮೇಲೆ ಹೆಂಡತಿಯರು ಆಡಿಕೊಂಡಿದ್ದರೆ ನೋಡಿದವರು ಏನಂದಾರು ಅಂತ ನಾವೂ ಬಿಟ್ಟೆವು. ಬಿಡಿ ಅಂತ ನಮಗೆ ಯಾರೂ ಹೇಳಿರಲಿಲ್ಲ. ನಾವು ಅಷ್ಟು ಒಳ್ಳೆಯ ಹೆಂಡತಿಯರು.

ಬಿಡುವುದು ಸುಲಭವಾಗಿರಲಿಲ್ಲ. ಅವಳು ಮಧುರೆ ಕಡೆಯವಳು, ನಾನು ಅನುಗೊಂಡನಹಳ್ಳಿ ಕಡೆಯವಳು, ಈ ಊರಿಗೆ ಇಬ್ಬರೂ ಹೊರಗಿನವರು. ನಾನು ಮದುವೆಯಾಗಿ ಬಂದಾಗ ಮುದ್ದೆ ತಿರುವಲು ಕಲಿಸಿದ್ದು ಅವಳೇ. ತವರಿನಲ್ಲಿ ಪಿಯುಸಿ ಓದಿದೆ ಎಂಬ ಒಂದೇ ಕಾರಣಕ್ಕೆ ನನಗೆ ಮುದ್ದೆ ಬರುತ್ತಿರಲಿಲ್ಲ. ಭಾಗವಾದ ಮೇಲೆ ಒಂದೇ ಮನೆಗೆ ನಡುವೆ ಗೋಡೆ ಎದ್ದಿತು. ಗೋಡೆಯಾಚೆ ಅವಳು ಮಿಕ್ಸಿ ತಿರುವಿದರೆ ಚಟ್ನಿಯೋ ಮಸಾಲೆಯೋ ಎಂದು ನನಗೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಆದರೆ ಕೇಳುವ ಹಾಗಿರಲಿಲ್ಲ.

ಆಮೇಲೆ ದೇವನಹಳ್ಳಿಗೆ ಏರ್‌ಪೋರ್ಟ್ ಬಂತು. ನಮ್ಮೂರ ಸುತ್ತಿನ ಹೊಲಗಳೆಲ್ಲ ಲೇಔಟಾದವು, ನಮ್ಮದೂ ಆಯಿತು. ಅಣ್ಣ ತಮ್ಮ ಒಂದೇ ದಿನ ಒಂದೇ ಕಚೇರಿಗೆ ಹೋಗಿ, ಬೇರೆ ಬೇರೆ ಬೆಂಚಿನ ಮೇಲೆ ಕೂತು ಸಹಿ ಹಾಕಿ ಬಂದರು. ಜೆಸಿಬಿ ಬಂದು ಊಟದ ಹೊತ್ತಿಗೆಲ್ಲ ಬದುವನ್ನು ನೆಲಸಮ ಮಾಡಿತು. ಇನ್ನೇನು, ಜಗಳಕ್ಕೆ ಕಾಲೂರಲು ಜಾಗವಿಲ್ಲ, ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಇಬ್ಬರೂ ಒಂದೊಂದು ಟ್ಯಾಕ್ಸಿ ತೆಗೆದುಕೊಂಡರು. ಏರ್‌ಪೋರ್ಟಿನ ಸಾಲಿನಲ್ಲಿ ಹಿಂದೆ ಮುಂದೆ ಗಾಡಿ ನಿಲ್ಲಿಸಿಕೊಂಡು, ಮಾತಿಲ್ಲದೆ ಕಾಯುವುದನ್ನು ಮುಂದುವರಿಸಿದರು.

ನಮ್ಮ ಹೊಲವಿದ್ದ ಕಡೆ ವಿಲ್ಲಾಗಳು ಎದ್ದವು. ನಾವು ಊರಿನಲ್ಲಿ ಕಲ್ಲುಕಂಬದ ಬೇಲಿ ತೆಗೆದು ಸಿಮೆಂಟು ಕಾಂಪೌಂಡು ಹಾಕಿಸಿಕೊಂಡು ಬೀಗುತ್ತಿದ್ದ ಕಾಲ ಅದು. ಅಲ್ಲಿ ಬಂದವರಿಗೆ ಕಾಂಪೌಂಡು ಬೇಡವಂತೆ. ಹಳ್ಳಿಯ ವಾತಾವರಣ ಬೇಕಂತೆ, ಅದಕ್ಕೆ ಮನೆಮನೆಯ ನಡುವೆ ಮರದ ಬೇಲಿ. ನಮ್ಮ ಹಳ್ಳಿಯಲ್ಲಿ ಮರದ ಪಟ್ಟಿಯ ಬೇಲಿಯನ್ನು ನಾನಂತೂ ಎಲ್ಲೂ ಕಂಡಿರಲಿಲ್ಲ. ಎಲ್ಲಿಂದಲೋ ಬಂದ ಪೈನ್ ಮರದ ಪಟ್ಟಿಗಳು, ಬೆಳ್ಳಗೆ ಸುಲಿದ ಕಬ್ಬಿನ ಹಾಗಿದ್ದವು. ಹಾಗೇ ಬಿಟ್ಟರೆ ಮಳೆಗೂ ಬಿಸಿಲಿಗೂ ಕಪ್ಪಿಟ್ಟು ಗೆದ್ದಲು ಹಿಡಿಯುತ್ತವೆ. ಅದಕ್ಕೆ ಉಪ್ಪುಕಾಗದದಿಂದ ಉಜ್ಜಿ, ಬಣ್ಣ ಕುಡಿಸಿ, ಮೇಲೆ ನೀರು ಇಳಿಯದ ಹಾಗೆ ಸೀಲರ್ ಹಚ್ಚಬೇಕು. ಆ ಕೆಲಸಕ್ಕೆ ಹೆಣ್ಣಾಳು ಬೇಕೆಂದು ಅಲ್ಲಿನ ಮೇಸ್ತ್ರಿ ನಮ್ಮ ಸ್ತ್ರೀಶಕ್ತಿ ಸಂಘಕ್ಕೆ ಹೇಳಿ ಕಳಿಸಿದ. ಹೊಲ ಹೋದ ಮೇಲೆ ಹಗಲು ಉದ್ದವಾಗಿತ್ತು. ಸಂಘದ ಹೆಂಗಸರು ಹೊರಟರು, ನಾನೂ ಹೊರಟೆ. ಲೇಔಟಿನ ಗೇಟಿನ ಹತ್ತಿರ ನೋಡಿದರೆ ಅವಳೂ ಬಂದಿದ್ದಳು.

ಮೇಸ್ತ್ರಿ ಹೊಸೂರು ಕಡೆಯವನು, ನಮ್ಮ ಮನೆಯ ಕಥೆ ಅವನಿಗೇನು ಗೊತ್ತು? ಬಣ್ಣ ಕುಡಿಸುವಾಗ ಪಟ್ಟಿಗಳ ಸಂದಿಯಿಂದ ಆಚೆ ಕಡೆಗೆ ಸೋರುತ್ತದೆ, ಒಣಗಿದರೆ ಗೆರೆಯಾಗಿ ನಿಲ್ಲುತ್ತದೆ, ಆದ್ದರಿಂದ ಬೇಲಿಗೆ ಆ ಕಡೆ ಒಬ್ಬರು ಈ ಕಡೆ ಒಬ್ಬರು ಇರಬೇಕು ಎಂದ. ಕೈ ತೋರಿಸುತ್ತಾ ಜೋಡಿ ಮಾಡಿದ. "ನೀವಮ್ಮಾ ಈ ಕಡೆ. ನೀವು ಆ ಕಡೆ." ನಮ್ಮಿಬ್ಬರನ್ನು ಜೋಡಿ ಮಾಡಿದ್ದು ನೋಡಿ ಸಂಘದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಒಬ್ಬಳಾದರೂ ಬಾಯಿಬಿಟ್ಟು ಹೇಳಬಹುದಿತ್ತು. ಅಂಥ ತಮಾಷೆಯನ್ನು ಯಾರು ಕಳೆದುಕೊಳ್ಳುತ್ತಾರೆ?

ಮೊದಲನೇ ದಿನ ಇಬ್ಬರೂ ತುಟಿ ಬಿಚ್ಚಲಿಲ್ಲ. ಬಣ್ಣದ ಹೆಸರು ವಾಲ್ನಟ್. ನೋಡಲು ಸುಟ್ಟ ಬೆಲ್ಲದ ಪಾಕ. ಬ್ರಷ್‌ನಲ್ಲಿ ಮರದ ಎಳೆಯ ಉದ್ದಕ್ಕೇ ಹಚ್ಚಬೇಕು, ಮರ ಕುಡಿಯುವಷ್ಟು ಕುಡಿದ ಮೇಲೆ ಉಳಿದದ್ದನ್ನು ಹಳೇ ಬನಿಯನ್ ಚೂರಿನಿಂದ ಒರೆಸಬೇಕು. ನಾನು ಹಚ್ಚಿದ್ದು ಅವಳ ಕಡೆ ಸೋರಿತು, ಅವಳು ಹಚ್ಚಿದ್ದು ನನ್ನ ಕಡೆ ಸೋರಿತು. ಎಲ್ಲಿ ಸೋರಿದೆ ಅಂತ ಹೇಳಬೇಕಾದವರಿಗೆ ಮಾತಿಲ್ಲ. ಸಾಯಂಕಾಲ ಮೇಸ್ತ್ರಿ ಬಂದು ತಲೆ ಮೇಲೆ ಕೈ ಇಟ್ಟುಕೊಂಡ. "ಏನಮ್ಮಾ ಇದು, ಬೇಲಿ ಅಳ್ತಾ ಇರೋ ಹಂಗೈತೆ! ಎರಡು ಕಡೇನೂ ಕಣ್ಣೀರು. ನಾಳೆ ಎಲ್ಲಾ ಉಜ್ಜಿ ಮತ್ತೆ ಹಾಕಿ."

ಮಾರನೇ ದಿನ ನಾವು ಉಜ್ಜಿ ಮತ್ತೆ ಬಣ್ಣ ಹಚ್ಚುತ್ತಾ ಕೂತಿದ್ದಾಗ ಆಚೆಯಿಂದ ದನಿ ಬಂತು. ಎಷ್ಟೋ ವರ್ಷದ ಮೇಲೆ ಕೇಳಿದ ದನಿ.

"ಏ ಬೇಲಿ, ನಿನ್ನ ಕೆಳಗಡೆ ಪಟ್ಟಿ ಹತ್ರ ಸೋರ್ತಾ ಐತೆ. ಯಾರಾದ್ರೂ ಇದ್ರೆ ಒರೆಸಾಕೆ ಹೇಳು."

ನಾನು ಒರೆಸಿದೆ. ಸ್ವಲ್ಪ ಹೊತ್ತಿನ ಮೇಲೆ ನಾನೂ ಹೇಳಿದೆ. "ಬೇಲಿಯಮ್ಮಾ, ಆ ಕಡೆ ಮೂಲೇಲಿ ಬ್ರಷ್ ತಾಗೇ ಇಲ್ಲ. ಕಣ್ಣು ಕಾಣ್ಸದವರು ಯಾರೋ ಇರ್ಬೇಕು."

"ಬೇಲಿ, ಕನ್ನಡಕ ಹಾಕ್ಕೊಂಡೋರು ಈ ಕಡೆ ಯಾರೂ ಇಲ್ಲ ಅಂತ ಹೇಳು." ಕನ್ನಡಕ ಹಾಕಿಕೊಳ್ಳುತ್ತಿದ್ದವಳು ನಾನು.

ಹೀಗೆ ಶುರುವಾಯಿತು. ಮಾತು ಬಿಟ್ಟ ನಿಯಮ ಯಾರೂ ಮುರಿಯಲಿಲ್ಲ. ಬೇಲಿಯ ಜೊತೆ ಮಾತಾಡಬಾರದು ಅಂತ ಯಾವ ಪಂಚಾಯ್ತಿಯಲ್ಲೂ ಆಗಿರಲಿಲ್ಲ. ಮೊದಮೊದಲು ಬಣ್ಣ ಮತ್ತು ಬಟ್ಟೆಚೂರಿನ ವಿಷಯ ಮಾತ್ರ. ಆಮೇಲೆ ಅವರವರ ಮನೆಯ ಸಾರು, ಹಾಲಿನ ಡೈರಿಯವನು, ಮಕ್ಕಳ ಮಾರ್ಕ್ಸು. ಬೇಲಿಗೆ ನಮ್ಮ ಇಡೀ ಸಂಸಾರ ತಿಳಿದುಹೋಯಿತು.

ಒಂದು ಮಧ್ಯಾಹ್ನ ಅವಳು ಕೂತಲ್ಲಿಂದ ಏಳಲಾರದೆ ಬೇಲಿಯ ಕಂಬ ಹಿಡಿದುಕೊಂಡು ಎದ್ದಳು. ಸಂದಿಯಲ್ಲಿ ನನಗೆ ಕಂಡಿತು. "ಬೇಲಿ, ಮಂಡಿಗೇನಾಯ್ತಂತೆ ಕೇಳು" ಎಂದೆ.

ಅವಳು ಬ್ರಷ್ ಅದ್ದುತ್ತಾ ಹೇಳಿದಳು. "ಆ ಕಡೆ ಮನೆ ಹುಡುಗನಿಗೆ ಕಾಮಾಲೆ ಬಂದಿತ್ತಲ್ಲ ಬೇಲಿ, ಆವಾಗ ಶಿವಗಂಗೆ ಹತ್ತಿದ್ದೆ. ಹುಡುಗ ಹುಷಾರಾದ್ರೆ ಬರಿಗಾಲಲ್ಲಿ ಬರ್ತೀನಿ ಅಂದ್ಕೊಂಡಿದ್ದೆ. ಹುಷಾರಾಗ್ಬಿಟ್ಟ. ಹೋಗ್ದೆ ಇರಕ್ಕಾಗ್ತದಾ? ಇಳಿಯೋವಾಗ ಜಾರ್ದೆ. ಅವತ್ತಿಂದ ಹಿಂಗೇಯ."

ಆ ಹುಡುಗ ನನ್ನ ಮಗ. ಅವನಿಗೆ ಕಾಮಾಲೆಯಾಗಿದ್ದಾಗ ಗೋಡೆಯಾಚೆಯಿಂದ ಒಂದು ಮಾತೂ ಬರಲಿಲ್ಲ ಅಂತ ನಾನು ಒಳಗೊಳಗೇ ಬೈದುಕೊಂಡಿದ್ದೆ. ನನ್ನ ಕೈಯಲ್ಲಿದ್ದ ಬಟ್ಟೆಚೂರು ಹಾಗೇ ನಿಂತಿತು. ಸೆರಗಿನಿಂದ ಮೂಗು ಒರೆಸಿಕೊಂಡೆ. ಅದೂ ಅವಳಿಗೆ ಗೊತ್ತಾಯಿತು ಅಂತ ಕಾಣುತ್ತದೆ.

"ಅಳೋದಾದ್ರೆ ಆ ಕಡೆ ತಿರುಗಿ ಅಳು ಅನ್ನು ಬೇಲಿ. ಹಸಿ ಬಣ್ಣದ ಮೇಲೆ ಬಿದ್ರೆ ಆ ಮೇಸ್ತ್ರಿ ಮತ್ತೆ ಉಜ್ಜುಸ್ತಾನೆ."

ನಾವಿಬ್ಬರೂ ನೇರವಾಗಿ ಮಾತಾಡಿದ್ದಕ್ಕೆ ಕಾರಣ ಮಾತ್ರ ಬೇರೆ ಇಬ್ಬರು. ನಾವು ಬಣ್ಣ ಹಚ್ಚುತ್ತಿದ್ದ ಬೇಲಿಯ ಎರಡೂ ಕಡೆಯ ವಿಲ್ಲಾಗಳಿಗೆ ಅಷ್ಟರಲ್ಲಿ ಸಂಸಾರಗಳು ಬಂದವು. ನನ್ನ ಕಡೆಯ ಮನೆಯಾಕೆ ಹೊರಗೆ ಬಂದು ನೋಡಿ, "ಅಯ್ಯೋ, ಇಷ್ಟು ಡಾರ್ಕಾ? ನಮಗೆ ಜೇನುತುಪ್ಪದ ಕಲರ್ ಬೇಕು ಅಂದಿದ್ವಲ್ಲ" ಎಂದರು. ಆಚೆ ಮನೆಯಾಕೆಗೆ ವಾಲ್ನಟ್ಟೇ ಬೇಕು. ಮೇಸ್ತ್ರಿ ಅವರವರ ಕಡೆಗೆ ಅವರವರ ಬಣ್ಣ ಎಂದು ತೀರ್ಮಾನ ಮಾಡಿದ. ನನ್ನ ಕಡೆಯದನ್ನು ಬರಿಮರ ಕಾಣುವ ತನಕ ಉಜ್ಜಿ ಜೇನು ಬಣ್ಣ ಹಚ್ಚತೊಡಗಿದೆ. ಆದರೆ ಸಂದಿಗಳಿದ್ದವಲ್ಲ. ವಾಲ್ನಟ್ ಜೇನಿನ ಕಡೆಗೆ ಇಣುಕಿತು, ಜೇನು ವಾಲ್ನಟ್ ಕಡೆಗೆ ಇಣುಕಿತು.

"ನೋಡಿ ಅಮ್ಮಾ, ಅವರ ಕಲರ್ ನಮ್ಮ ಕಡೆ ಬರ್ತಾ ಇದೆ ಅಂತ ಆ ಮೇಡಮ್‌ಗೆ ಹೇಳಿ" ಎಂದು ನನ್ನ ಕಡೆಯಾಕೆ ನನಗೆ ಹೇಳಿದರು. ಆ ಮೇಡಮ್ಮು ಬೇಲಿಯ ಆಚೆ ನಿಂತು ಇದನ್ನು ಕೇಳಿಸಿಕೊಳ್ಳುತ್ತಿದ್ದರು. ಅವರು ನನ್ನ ವಾರಗಿತ್ತಿಗೆ ಹೇಳಿದರು. "ಬೇಲಿ ಕಾಲು ಅಡಿ ನಮ್ಮ ಜಾಗದಲ್ಲೇ ಇದೆ, ನಾವೇ ಅಡ್ಜಸ್ಟ್ ಮಾಡ್ಕೊಂಡಿದೀವಿ ಅಂತ ಅವರಿಗೆ ಹೇಳಮ್ಮ."

ನನ್ನ ವಾರಗಿತ್ತಿ ಸಂದಿಯಲ್ಲಿ ಕಣ್ಣಿಟ್ಟು ನನ್ನನ್ನು ನೋಡಿದಳು. ನಾನೂ ನೋಡಿದೆ. ಅವರಿಬ್ಬರೂ ನಿಂತು ಜಗಳವಾಡುತ್ತಿದ್ದ ನೆಲ ಯಾವುದೆಂದು ನಮಗೆ ಗೊತ್ತಿತ್ತು. ಹೆಚ್ಚುಕಡಿಮೆ ಅಲ್ಲೇ ನಮ್ಮ ಬದು ಇದ್ದದ್ದು. ಅವಳಿಗೆ ನಗು ತಡೆಯಲಾಗದೆ ಬಣ್ಣದ ಡಬ್ಬದ ಪಕ್ಕ ಕುಸಿದು ಕೂತಳು.

"ಲೇ, ಈ ನೆಲದಲ್ಲೇ ಏನೋ ಐತೆ ಕಣೇ" ಎಂದಳು. ಬೇಲಿಗಲ್ಲ, ನನಗೆ.

"ಹೂಂ ಕಣಕ್ಕ. ಕತ್ತಾಳೆ ಬೇರು ಇನ್ನೂ ಸತ್ತಿಲ್ಲ" ಎಂದೆ.

ಮೇಸ್ತ್ರಿ ಕೊನೆಗೆ ಎರಡು ಬಣ್ಣವನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿ ಎರಡೂ ಕಡೆ ಹಚ್ಚಿಸಿದ. ಅದು ಇಬ್ಬರು ಮನೆಯಾಕೆಯರಿಗೂ ಹಿಡಿಸಲಿಲ್ಲ. ಇಬ್ಬರೂ ಮಾತು ಬಿಟ್ಟರು. ಓದಿದವರು, ನಮ್ಮಷ್ಟು ದಿನ ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ನನ್ನ ಗಂಡ ನನ್ನ ಕೈ ನೋಡಿದರು. ಬೆರಳೆಲ್ಲ ಕಂದು ಬಣ್ಣ. ಸೀಮೆಎಣ್ಣೆಯಲ್ಲಿ ತೊಳೆದರೂ ಉಗುರಿನ ಸುತ್ತ ಹೋಗುತ್ತಿರಲಿಲ್ಲ. "ಅತ್ತಿಗೆ ಕೈನೂ ಹಿಂಗೇ ಐತೆ. ಒಟ್ಟಿಗೆ ಕೆಲ್ಸ ಮಾಡ್ತಿದೀರಾ?" ಎಂದರು.

"ಬೇರೆ ಬೇರೆ ಕಡೆ" ಎಂದೆ. ಸುಳ್ಳೇನಲ್ಲ.

ಅವರು ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಊಟ ಮುಗಿಸಿ ಟಿವಿ ಕಡೆ ನೋಡುತ್ತಾ, "ಗೋಡೆಯಾಚೆಯವ್ರ ಗಾಡಿ ಕ್ಲಚ್ಚು ಕೂಗ್ತಾ ಐತೆ. ಚಿಕ್ಕಬಳ್ಳಾಪುರದ ತನಕ ಓಡ್ಸಬೇಡ ಅಂತ ಯಾರಾದ್ರೂ ಹೇಳಿದ್ರೆ ಒಳ್ಳೇದು" ಎಂದರು. ನಾನು ಮಾರನೇ ದಿನ ಅವಳಿಗೆ ಹೇಳಿದೆ. ಅದರ ಮಾರನೇ ದಿನ ಭಾವನವರಿಂದ ಉತ್ತರ ಬಂತು: ಕ್ಲಚ್ ಸರಿ ಮಾಡಿಸಿದ್ದಾಯಿತು, ಏರ್‌ಪೋರ್ಟಿನಲ್ಲಿ ಗಾಡಿ ನಿಲ್ಲಿಸುವ ಜಾಗ ಬದಲಾಗಿದೆ, ಸುಮ್ಮನೆ ಹಳೇ ಕಡೆ ಹೋಗಿ ಬೈಸಿಕೊಳ್ಳುವುದು ಬೇಡ. ಅಲ್ಲಿಂದ ಮುಂದೆ ಅಣ್ಣತಮ್ಮಂದಿರ ವ್ಯವಹಾರವೆಲ್ಲ ನಮ್ಮ ಮೂಲಕವೇ ನಡೆಯತೊಡಗಿತು. ಅತ್ತೆಯ ತಿಥಿಗೆ ಯಾವ ಪುರೋಹಿತರು, ಮನೆಯ ಸೂರಿನ ಹೆಂಚು ಯಾರು ಕೊಡಿಸುವುದು, ಎಲ್ಲ. ಅವರು ಮಾತು ಬಿಟ್ಟ ಮರ್ಯಾದೆಯನ್ನೂ ಉಳಿಸಿಕೊಂಡರು, ಕೆಲಸವನ್ನೂ ಮಾಡಿಕೊಂಡರು. ಓಡಾಡಿದ್ದು ನಾವು.

ಇನ್ನು ಸೀಲರ್ ಬಾಕಿ ಇತ್ತು. ಅದನ್ನು ಹಚ್ಚಬೇಕಾದರೆ ಮರ ಪೂರ್ತಿ ಒಣಗಿರಬೇಕು. ಆ ವಾರ ದಿನವೂ ಸಂಜೆ ಮಳೆ. ಒಂದು ಬೆಳಿಗ್ಗೆ ಬಿಸಿಲು ಚುರುಕಾಗಿ ಬಂತು. ನನ್ನ ವಾರಗಿತ್ತಿ ಪಟ್ಟಿಯನ್ನು ಮುಟ್ಟಿ ನೋಡಿ, "ಒಣಗೈತೆ, ಬಾ ಹಚ್ಬಿಡೋಣ" ಎಂದಳು.

"ಮೇಲೆ ಒಣಗಿದೆ ಅಕ್ಕ, ಒಳಗೆ ಇನ್ನೂ ತಣ್ಣಗಿದೆ. ನಾಳೆ ಹಚ್ಚೋಣ."

"ನಾಳೆ ಮತ್ತೆ ಮಳೆ ಬರ್ತದೆ. ನಿಂದು ಬರೀ ಪಿಯುಸಿ ಬುದ್ಧಿ" ಎಂದು ಡಬ್ಬ ತೆರೆದೇಬಿಟ್ಟಳು. ಅವಳು ಹಿರಿಯಳು, ನಾನೂ ಹಚ್ಚಿದೆ. ಮಧ್ಯಾಹ್ನಕ್ಕೆಲ್ಲ ಬೇಲಿಯ ಉದ್ದಕ್ಕೂ ಹಾಲು ಚೆಲ್ಲಿದ ಹಾಗೆ ಬಿಳೀ ಮಬ್ಬು ಕವಿಯಿತು. ಒಳಗಿನ ತೇವ ಹೊರಗೆ ಬರಲಾಗದೆ ಸೀಲರಿನ ಕೆಳಗೇ ಕೂತಿತ್ತು. ಮೇಸ್ತ್ರಿ ನೋಡಿ ಬಾಯಿಗೆ ಬಂದ ಹಾಗೆ ಬೈದ. ಮತ್ತೆ ಉಪ್ಪುಕಾಗದ ಹಿಡಿದು ಕೂತೆವು.

ಸುಮ್ಮನೆ ಉಜ್ಜಬಹುದಿತ್ತು. ನಾನು ಸುಮ್ಮನಿರಲಿಲ್ಲ. "ನಾನು ಹೇಳಿದ್ದೆ ತಾನೇ" ಎಂದೆ. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಸಲ ಎಂದೆ. ಅವಳು ಉಪ್ಪುಕಾಗದ ಬಿಸಾಕಿದಳು.

"ಏನೋ ದೊಡ್ಡ ಇಂಜಿನಿಯರ್ರು! ಮುದ್ದೆ ತಿರುವಾಕೆ ಬರ್ದೆ ಗಂಟು ಗಂಟು ಮಾಡ್ತಿದ್ದೋಳು ನನಗೆ ಹೇಳಾಕೆ ಬಂದ್ಬಿಟ್ಳು!"

"ಆ ಮುದ್ದೇನ ಇನ್ನೂ ಎಷ್ಟು ವರ್ಷ ಎತ್ತಿ ಆಡ್ತೀಯಕ್ಕ?"

ಹೀಗೆ ನಮಗೂ ಒಂದು ಸ್ವಂತ ಜಗಳವಾಯಿತು. ಮಾತು ಬಿಟ್ಟೆವು. ಈ ಸಲ ಬೇಲಿಯ ಜೊತೆಗೂ ಇಲ್ಲ. ಹಿಂದೆ ಮಾತು ಬಿಟ್ಟಿದ್ದಾಗ ಒಳಗೆ ಬರೀ ಖಾಲಿ ಇತ್ತು. ಈಗ ಮೈತುಂಬ ಸಿಟ್ಟಿತ್ತು. ಯಾರದೋ ಬದಲು ಮುನಿಸಿಕೊಳ್ಳುವುದಕ್ಕೂ ನಮ್ಮದೇ ಮುನಿಸಿಗೂ ಎಷ್ಟು ವ್ಯತ್ಯಾಸ ಅಂತ ಆಗ ಗೊತ್ತಾಯಿತು. ಒಂಥರಾ ಹೆಮ್ಮೆಯೂ ಆಗಿತ್ತು, ಹೇಳಿಕೊಳ್ಳುವಂತಿರಲಿಲ್ಲ ಅಷ್ಟೆ.

ಕಷ್ಟ ಬಂದದ್ದು ಗಂಡಸರಿಗೆ. ಅತ್ತೆಯ ತಿಥಿ ಹತ್ತಿರ ಬಂದಿತ್ತು. "ಎಡೆಗೆ ಏನೇನು ಮಾಡೋದು ಅಂತ ಆ ಕಡೆ ಕೇಳು" ಎಂದರು ನನ್ನ ಗಂಡ. "ನಾನು ಕೇಳಲ್ಲ" ಎಂದೆ. ಗೋಡೆಯಾಚೆಯೂ ಇದೇ ಉತ್ತರ ಸಿಕ್ಕಿತ್ತೆಂದು ಆಮೇಲೆ ತಿಳಿಯಿತು. ಅವರು ಎರಡು ದಿನ ಚಡಪಡಿಸಿದರು. ಮೂರನೇ ದಿನ ಏರ್‌ಪೋರ್ಟಿನ ಸಾಲಿನಲ್ಲಿ ಇವರು ಗಾಡಿಯಿಂದ ಇಳಿದು ಹಿಂದಿನ ಗಾಡಿಯ ಕಿಟಕಿಯ ಹತ್ತಿರ ಹೋಗಿ, "ಅಣ್ಣ, ಇವ್ರಿಬ್ರಿಗೆ ಏನಾಗೈತೆ?" ಎಂದು ಕೇಳಿದರಂತೆ. ಭಾವನವರು ಬಾಗಿಲು ತೆಗೆದು, "ಒಳಗೆ ಬಾರೋ, ಬಿಸ್ಲು" ಎಂದರಂತೆ.

ಅವತ್ತು ಸಂಜೆ ಅಣ್ಣ ತಮ್ಮ ಇಬ್ಬರೂ ಒಂದೇ ಗಾಡಿಯಲ್ಲಿ ಮನೆಗೆ ಬಂದರು. ನಮ್ಮ ಜಗಲಿಯ ಮೇಲೆ ಅಕ್ಕಪಕ್ಕ ಕೂತು, ಅವಳನ್ನೂ ಕರೆಸಿದರು. ಭಾವನವರು ಗಂಟಲು ಸರಿಮಾಡಿಕೊಂಡರು.

"ಒಂದೇ ಮನೆ ಹೆಣ್ಮಕ್ಕಳು ಮಾತು ಬಿಡೋದು ಅಂದ್ರೇನು? ಊರಲ್ಲಿ ನಾಕು ಜನ ಏನಂತಾರೆ?"

"ಸಣ್ಣ ಸಣ್ಣ ವಿಷಯಕ್ಕೆಲ್ಲ ಹಿಂಗ್ ಸಾಧಿಸ್ಕೊಂಡು ಕೂತ್ರೆ ಸಂಸಾರ ನಡೀತದಾ?" ಎಂದರು ನನ್ನ ಗಂಡ.

"ಹೊಂದ್ಕೊಂಡು ಹೋಗ್ಬೇಕಪ್ಪಾ" ಎಂದರು ಭಾವನವರು. ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಆಡುತ್ತಿದ್ದ ಮಾತು ತಮಗೂ ತಾಕುತ್ತದೆ ಎಂಬ ಗುಮಾನಿ ಅವರ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ.

ನಾವಿಬ್ಬರೂ ಬಾಗಿಲಿನ ಎರಡು ಪಕ್ಕ ನಿಂತು ನೆಲ ನೋಡುತ್ತಿದ್ದೆವು. ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಾಳೆ ಅಂದುಕೊಂಡ ಭಾವನವರು ದನಿ ತಗ್ಗಿಸಿ, "ಹೋಗ್ಲಿ ಬಿಡು, ಕಾಫಿ ಮಾಡ್ಕೊಂಡ್ ಬಾ ಹೋಗು" ಎಂದರು. ಅವಳು ಬಾಯಿಗೆ ಸೆರಗು ತುರುಕಿಕೊಂಡು ನನಗಿಂತ ಮುಂಚೆ ನನ್ನ ಅಡುಗೆಮನೆಗೆ ಓಡಿದಳು. ನಾನು ಹಿಂದೆಯೇ ಹೋದೆ. ಒಲೆ ಹಚ್ಚಿ ಹಾಲಿಟ್ಟು, ಕಪಾಟಿನ ಬಾಗಿಲನ್ನೆಲ್ಲ ತೆಗೆದು ಮುಚ್ಚಿ, ಸುತ್ತ ನೋಡಿದಳು.

"ಸಕ್ಕರೆ ಡಬ್ಬ ಎಲ್ಲಿಟ್ಟಿದೀಯೇ ನೀನು?" ಎಂದಳು.