ಸೂರ್ಯನಿಗೆ ಬೆನ್ನು ಕೊಟ್ಟ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಮುಖಕ್ಕಿಂತ ಅವನ ಹೆಡಕು ಕಪ್ಪು. ರುಮಾಲಿಗೂ ಹೆಗಲ ಮೇಲಿನ ಕಂಬಳಿಗೂ ನಡುವೆ ಕತ್ತಿನ ಹಿಂಭಾಗ ಮೂರು ಬೆರಳಗಲ ಕಾಣುತ್ತದಲ್ಲ, ಅಷ್ಟು ಜಾಗ ರೊಟ್ಟಿ ಹಂಚಿನ ತಳದ ಬಣ್ಣ. ಚಿಕ್ಕವಳಿದ್ದಾಗ ಒದ್ದೆ ಬಟ್ಟೆಯಿಂದ ತಿಕ್ಕಿ ಅದನ್ನು ಬೆಳ್ಳಗೆ ಮಾಡಲು ಹೋಗಿದ್ದೆ. "ತಿಕ್ಕು, ತಿಕ್ಕು. ನಿನ್ ಕೈ ನೋಯ್ತಾವ ಹೊರತು ಅದೇನು ಹೋಗಲ್ಲ" ಎಂದು ನಕ್ಕಿದ್ದ. ಅದು ಯಾಕೆ ಕಪ್ಪು ಎಂದು ಕೇಳಬೇಕೆಂದು ಮಾತ್ರ ನನಗೆ ಎಷ್ಟೋ ವರ್ಷ ಹೊಳೆಯಲೇ ಇಲ್ಲ.

ಹರಪನಹಳ್ಳಿ ಕಡೆಯ ಅರಸೀಕೆರೆಯ ಸುತ್ತಿನ ಬೀಳು ಹೊಲಗಳಲ್ಲಿ ಕುರಿ ಮೇಯಿಸಿಕೊಂಡೇ ಬದುಕಿದವನು. ಸಂಜೆ ಕುರಿ ಎಣಿಸುತ್ತಿರಲಿಲ್ಲ, ಮುಖ ನೋಡಿಯೇ ಯಾವುದು ಬಂದಿಲ್ಲ ಎಂದು ಹೇಳುತ್ತಿದ್ದ. ಉಣ್ಣುವವರನ್ನು ಯಾರಾದರೂ ಮಾತಾಡಿಸಿದರೆ ಸಿಡುಕುತ್ತಿದ್ದ, ಉಣ್ಣುವುದು ಕುರಿಯಾದರೂ ಸರಿ, ಮನುಷ್ಯರಾದರೂ ಸರಿ.

ಗ್ರೀಕ್ ಮತ್ತು ಲ್ಯಾಟಿನ್ ಪ್ರಾಚೀನ ಸಾಹಿತ್ಯದಲ್ಲಿ ಪಿಎಚ್‌.ಡಿ. ಮಾಡುತ್ತೇನೆ, ಅದಕ್ಕೆ ಹೊರದೇಶಕ್ಕೆ ಹೋಗಬೇಕು ಎಂದಾಗ ನನಗೆ ಗಾಳಿ ಹಿಡಿದಿದೆ ಎಂದೇ ಮನೆಯವರು ತಿಳಿದರು. ದೊಡ್ಡಪ್ಪನೊಬ್ಬನೇ ವಿಚಾರಿಸಿದ್ದು.

"ಆ ಲ್ಯಾಟಿನ್ನು ಮಾತಾಡೋ ಮಂದಿ ಎಲ್ಲಿ ಅದಾರ?"

"ಈಗ ಯಾರ ಮನ್ಯಾಗೂ ಮಾತಾಡಲ್ಲ ದೊಡ್ಡಪ್ಪ."

"ಚಲೋ ಆತು ಬಿಡು. ತಪ್ಪು ಹಿಡಿಯೋರ ಇಲ್ಲ. ಓದು."

ಹಾಗೆಂದವನೇ ನನ್ನ ತಪ್ಪು ಹಿಡಿದ.

ಮೊದಲ ವರ್ಷ ನನ್ನ ಅರ್ಜಿ ಬಿದ್ದುಹೋಯಿತು. ಎರಡನೆಯದೂ ಬಿದ್ದರೆ ಈ ಹುಚ್ಚು ಬಿಟ್ಟು ಹರಪನಹಳ್ಳಿಯಲ್ಲೇ ಕೆಲಸ ಹಿಡಿಯುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಅರ್ಜಿಯ ಜೊತೆ ಒಂದು ಪ್ರಬಂಧ ಕಳಿಸಬೇಕಿತ್ತು. ಹಳೆಯ ಲ್ಯಾಟಿನ್ ಕೃಷಿ ಪುಸ್ತಕವೊಂದರ ಒಂದು ಮಾತನ್ನು ಹಿಡಿದಿದ್ದೆ: ಕುರಿಗಳನ್ನು ಬೆಳಿಗ್ಗೆ ಪಶ್ಚಿಮಕ್ಕೆ ಹೊಡೆಯಬೇಕು, ಮಧ್ಯಾಹ್ನದ ಮೇಲೆ ಪೂರ್ವಕ್ಕೆ. ಕಾರಣ ಅಲ್ಲಿರಲಿಲ್ಲ. ಸೂರ್ಯದೇವನಿಗೆ ಮುಖ ಕೊಡಲು ಆ ಕಾಲದವರಿಗಿದ್ದ ಭಯಭಕ್ತಿಯೇ ಕಾರಣ ಎಂದು ನಾನು ಎಂಟು ಪುಟ ಬರೆದಿದ್ದೆ. ಕಳಿಸುವ ಮೊದಲು ಅದನ್ನು ಕನ್ನಡದಲ್ಲಿ ದೊಡ್ಡಪ್ಪನಿಗೆ ಹೇಳಿದೆ. ಬಾಯಲ್ಲಿದ್ದ ಎಲೆ-ಅಡಿಕೆ ಉಗುಳಿ ಬಂದು ನಗತೊಡಗಿದ. ನನಗೆ ಕೆಟ್ಟ ಸಿಟ್ಟು ಬಂತು.

"ನಾಳಿ ಮುಂಜಾನಿ ಬಾ. ನೀನ ಹೊಡಿ ಕುರಿ, ಸೂರ್ಯನ ಕಡಿಗೆ" ಎಂದ.

ಹೊಡೆದೆ. ಬಿಸಿಲೇರುತ್ತಿದ್ದಂತೆ ಕುರಿಗಳು ಮೇಯುವುದನ್ನು ನಿಲ್ಲಿಸಿದವು. ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಗುಂಪುಗಟ್ಟಿ ನಿಂತುಬಿಟ್ಟವು. ಕೂಗಿದೆ, ಕೋಲಾಡಿಸಿದೆ, ಒಂದೂ ಕದಲಲಿಲ್ಲ. ಮರದಡಿ ಕೂತು ನೋಡುತ್ತಿದ್ದ ದೊಡ್ಡಪ್ಪ ಎದ್ದು ಬಂದು ಸಿಳ್ಳೆ ಹಾಕಿ ಹಿಂಡನ್ನು ಪಶ್ಚಿಮಕ್ಕೆ ತಿರುಗಿಸಿದ. ಸ್ವಲ್ಪ ಹೊತ್ತಿಗೆ ಎಲ್ಲವೂ ತಲೆ ತಗ್ಗಿಸಿ ಮೇಯತೊಡಗಿದವು.

"ಕುರಿಗೆ ಯಾವ ದೇವರವ್ವಾ? ತಲಿ ಸುಡತೈತಿ, ಅಷ್ಟ. ಸೂರ್ಯನ್ನ ಬೆನ್ನಿಗೆ ಹಾಕ್ಕೊಂಡ್ರ ತನ್ನ ನೆಳ್ಳಾಗ ತಾನು ಮೇಯ್ತೈತಿ."

ಹೇಳಿ ಹಿಂಡಿನ ಹಿಂದೆ ನಡೆದ. ಅವನ ಹೆಡಕಿನ ಮೇಲೆ ಬಿಸಿಲು ಬಿದ್ದಿತ್ತು. ಬೆಳಿಗ್ಗೆ ಹೋಗುವಾಗಲೂ ಬಿಸಿಲು ಅಲ್ಲಿಗೇ, ಮಧ್ಯಾಹ್ನದ ಮೇಲೆ ಮರಳುವಾಗಲೂ ಅಲ್ಲಿಗೇ, ಒಂದು ಜನ್ಮವಿಡೀ. ನಾನು ಪುಸ್ತಕಗಳಲ್ಲಿ ಹುಡುಕಿದ್ದ ಕಾರಣ ಚಿಕ್ಕಂದಿನಿಂದ ಕಣ್ಣೆದುರಿಗೇ ಇತ್ತು. ನಾಚಿಕೆಯೂ ಆಯಿತು, ಕುಣಿಯುವಷ್ಟು ಖುಷಿಯೂ ಆಯಿತು.

ಎಂಟು ಪುಟವನ್ನೂ ಹರಿದು ಹೊಸದಾಗಿ ಬರೆದೆ. ಕಂಪ್ಯೂಟರಿನಲ್ಲೇ ನಡೆದ ಸಂದರ್ಶನಕ್ಕೆ ಕೂತಿದ್ದ ಮೂವರಲ್ಲಿ ವಯಸ್ಸಾದ ಪ್ರಾಧ್ಯಾಪಕಿಯೊಬ್ಬರು, "ಈ ಅರ್ಥಕ್ಕೆ ನಿಮ್ಮ ಆಧಾರ ಯಾವುದು?" ಎಂದು ಕೇಳಿದರು.

"ನಮ್ಮ ದೊಡ್ಡಪ್ಪನ ಹೆಡಕು" ಎಂದೆ.

ಮೊದಲು ನಕ್ಕರು. ಕತೆ ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಮೂವರೂ ಬರೆದುಕೊಳ್ಳುತ್ತಿದ್ದರು. ನನಗೆ ಸೀಟು ಸಿಕ್ಕಿತು.

ವರ್ಷಗಳ ಮೇಲೆ, ಈ ಬೇಸಿಗೆಯಲ್ಲಿ ಪಿಎಚ್‌.ಡಿ. ಮುಗಿಸಿ, ಮಹಾಪ್ರಬಂಧದ ದಪ್ಪ ಪ್ರತಿ ಹಿಡಿದು ಊರಿಗೆ ಬಂದೆ. ದೊಡ್ಡಪ್ಪ ಹೊಲದಲ್ಲಿದ್ದ. ಅವನಿಗೆ ಅಕ್ಷರ ಬಾರದು. ನಿನ್ನ ಮಾತೂ ಇದರಲ್ಲಿದೆ ಎಂದೆ. "ನನ್ ಮಾತು ಎಲ್ಲೈತಿ?" ಎಂದ. ಲ್ಯಾಟಿನ್ ಸಾಲುಗಳ ಕೆಳಗೆ ಕನ್ನಡದಲ್ಲೇ ಅಚ್ಚಾಗಿದ್ದ ಅವನ ಮಾತನ್ನು ತೋರಿಸಿದೆ. ಅದರ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡಿದ್ದ. ಆಮೇಲೆ ಹೆಗಲಿನ ಕಂಬಳಿ ತೆಗೆದು ನೆಲಕ್ಕೆ ಹಾಸಿದ. ದೇವರಿಗೆ, ಬೀಗರಿಗೆ ಬಿಟ್ಟರೆ ಇನ್ಯಾರಿಗೂ ಅವನು ಅದನ್ನು ಹಾಸಿದ್ದು ನಾನು ಕಂಡಿಲ್ಲ.

"ಕುಂದ್ರು ಡಾಕ್ಟರವ್ವಾ. ಓದಿ ಹೇಳು."

ಕೂತೆ. ಕಣ್ಣು ತೆರೆಯಲಾಗಲಿಲ್ಲ, ಇಳಿಬಿಸಿಲು ನೇರ ಮುಖಕ್ಕೇ ಹೊಡೆಯುತ್ತಿತ್ತು. ದೊಡ್ಡಪ್ಪ ನನ್ನ ಎರಡೂ ಭುಜ ಹಿಡಿದು ಪೂರ್ವಕ್ಕೆ ತಿರುಗಿಸಿ ಕೂರಿಸಿದ. ನನ್ನ ನೆರಳು ಪುಟದ ಮೇಲೆ ಬಿತ್ತು.

"ಹಾಂ, ಈಗ ಓದು" ಎಂದ.