ಗುಡಿಸದೆ ಬಿಟ್ಟ ಹುಣಸೆ ಸಿಪ್ಪೆ

ಹೋದ ಎಲೆಕ್ಷನ್ನಿನಲ್ಲಿ ಓಟು ಹಾಕುವ ದಿನ. ತಮಿಳುನಾಡಿನ ಪಾಲಕೋಡ್ ಪಕ್ಕದ ನಮ್ಮ ಹಳ್ಳಿಯಲ್ಲಿ ಆ ಬಿಸಿಲಿಗೆ ಎಲ್ಲರ ಮನೆಯಲ್ಲೂ ಒಂದೇ ಕೆಲಸ. ನಾನೂ ಪಡಸಾಲೆಯಲ್ಲಿ ಕೂತು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆ. ಸಿಪ್ಪೆ, ನಾರು ಮನೆಯೆಲ್ಲ ಚೆಲ್ಲಿತ್ತು. ಹಿಂದಿನ ದಿನದಿಂದ ನಾನು ಕಸ ಗುಡಿಸಿರಲಿಲ್ಲ.

ಮನೆಯವರು ದೂರ ಹೊರಟರೆ ಕ್ಷೇಮವಾಗಿ ಸೇರಿದ ಸುದ್ದಿ ಬರುವವರೆಗೂ ನಮ್ಮತ್ತೆ ಪೊರಕೆ ಮುಟ್ಟುತ್ತಿರಲಿಲ್ಲ. ನಾನೂ ಅದನ್ನೇ ನಡೆಸಿಕೊಂಡು ಬಂದಿದ್ದೇನೆ. ನಮ್ಮ ಯಜಮಾನರು ಸರ್ಕಾರಿ ಶಾಲೆ ಮೇಷ್ಟ್ರು, ಊರಿಗೆಲ್ಲ ವಾದ್ಯಾರು. ಬೆಟ್ಟದ ಮೇಲಿನ ಒಂದು ಹಳ್ಳಿಗೆ ಬೂತ್ ಡ್ಯೂಟಿಗೆ ಹೋಗಿದ್ದರು. ಎದೆಗೆ ಸ್ಟೆಂಟ್ ಹಾಕಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಬೇಡ ಅಂತ ಕೈ ಹಿಡಿದು ಕೇಳಿದ್ದೆ.

"ಎಲ್ಲಾ ವಾದ್ಯಾರೂ ಇಂಗೇ ಅಂದ್ರೆ ಓಟು ನಡೆಸೋರು ಯಾರು ಲೇ? ಬೆರಳಿಗೆ ಮಸಿ ಅಚ್ಚೋಕೆ ಏನು ಗುಂಡಿಗೆ ಬೇಕು?" ಅಂತ ನಗುತ್ತಾ ಹೋದವರು. ಅಲ್ಲಿ ಸಿಗ್ನಲ್ ಇಲ್ಲ. ಸೇರಿದರೋ ಇಲ್ಲವೋ ಗೊತ್ತಿಲ್ಲ.

ಮಧ್ಯಾಹ್ನ ಪಕ್ಕದ ಮನೆ ಚಿನ್ನಿ ಬಂದು ಬಾಗಿಲಲ್ಲೇ ನಿಂತಳು. ಅವಳ ತವರು ಆ ಬೆಟ್ಟದ ಕಡೆ.

"ಅಕ್ಕಾ, ವಾದ್ಯಾರಿಗೆ ನಮ್ಮೂರ ಇಸ್ಕೂಲೇ ಅಲ್ವಾ ಬೂತು?"

"ಊ ಕಣೆ. ಯಾಕೆ?"

ಅವಳು ಸೆರಗು ಬಾಯಿಗೆ ಹಿಡಿದಳು. "ನಮ್ಮಣ್ಣ ಕೆಳಗಿಳಿದು ಬಂದು ಫೋನ್ ಮಾಡಿದ. ಅಲ್ಲಿ ಯಾರೋ ವಾದ್ಯಾರು ಎದೆ ಇಡ್ಕೊಂಡು ಬಿದ್ದೋದ್ರಂತೆ. ಜೀವ ಇಲ್ವಂತೆ. ತಲೆ ನರೆತಿರೋರಂತೆ, ನಮ್ ಕನ್ನಡ ಬಾಸೆ ಮಾತಾಡೋರಂತೆ. ಅವನು ಕಣ್ಣಾರೆ ನೋಡಿಲ್ವಂತೆ, ಎಸರು ಗೊತ್ತಿಲ್ಲ ಅಂದ."

ಕೈಲಿದ್ದ ಹಣ್ಣು ಕೈಲೇ ಉಳಿಯಿತು. ಫೋನ್ ಮಾಡಿದೆ, ಮತ್ತೆ ಮಾಡಿದೆ. ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಸರ್ ಅಂತ ಶಬ್ದ. ನೋಡಿದರೆ ಚಿನ್ನಿ ಪೊರಕೆ ಹಿಡಿದಿದ್ದಾಳೆ.

"ಜನ ಬರ್ತಾರಲ್ಲಕ್ಕಾ, ಒಸಿ ಜಾಗ ಮಾಡಾನಾ ಅಂತ..."

"ಮುಟ್ಟಬ್ಯಾಡ! ಯಾವ ಜನ ಬರ್ತಾರೆ? ಯಾಕೆ ಬರ್ತಾರೆ?" ಪೊರಕೆ ಕಿತ್ತುಕೊಂಡೆ. ಪಾಪ, ಒಳ್ಳೇದಕ್ಕೇ ಬಂದವಳು, ಬೆದರಿ ಗೋಡೆಗೆ ಒರಗಿದಳು. ಮಾದಪ್ಪನ ಪಟದ ಮುಂದೆ ಪೊರಕೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ದೇವರ ಮುಂದೆ ಪೊರಕೆ ಹಿಡಿಯಬಾರದು ಅನ್ನುವುದೂ ಮರೆತಿದ್ದೆ. ಚಿನ್ನಿ ಸಿಪ್ಪೆಯ ನಡುವೆಯೇ ನನ್ನ ಪಕ್ಕ ಬಂದು ಕೂತಳು, ಎದ್ದು ಹೋಗಲಿಲ್ಲ. ಅದೂ ಮಾದಪ್ಪನ ದಯವೇ.

ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ ಫೋನ್ ಬಂತು. ಇವರದೇ ನಂಬರು. ಎತ್ತಲು ಕೈ ಬರಲಿಲ್ಲ. ಇವರ ಫೋನಿನಿಂದ ಬೇರೆ ಯಾರಾದರೂ ಮಾತಾಡಿದರೆ? ಚಿನ್ನಿಯೇ ಒತ್ತಿ ನನ್ನ ಕಿವಿಗೆ ಹಿಡಿದಳು.

"ನಾನೇ ಲೇ. ಈಗ ಕೆಳಗಿಳಿದ್ವಿ. ಮಾತ್ರೆ ನುಂಗಿದೀನಿ."

"ಮಾದಪ್ಪಾ, ಉಳಿಸಿದೆ!" ಅಂತ ಕೂಗಿಬಿಟ್ಟೆ. ಇವರು ಮೆಲ್ಲಗೆ ಅಂದರು, "ಓಗಿದ್ದು ನಮ್ಮ ಮುನುಸಾಮಿ ಸಾರ್ ಕಣೆ."

ಮುನುಸಾಮಿ ಸಾರ್ ಇವರ ಹಳೇ ಸ್ನೇಹಿತರು, ಅದೇ ಶಾಲೆಯ ಪಕ್ಕದ ರೂಮಿನ ಬೂತಿನಲ್ಲಿದ್ದವರು. ಅವರ ಹೆಂಡತಿ ಸರೋಜ ವರ್ಷಾ ವರ್ಷ ನನಗೆ ಮಾವಿನಕಾಯಿ ಉಪ್ಪಿನಕಾಯಿ ಕಳಿಸುವವಳು. ನಾನು ದೇವರಿಗೆ ಕೈ ಮುಗಿದ ಹೊತ್ತಿಗೆ ಅವಳು ಏನು ಮಾಡುತ್ತಿದ್ದಳೋ.

ಬೆಳಿಗ್ಗೆ ಇವರು ಬಂದು ಮೆಟ್ಟಿಲ ಮೇಲೆ ಕೂತರು. ನೀರು ಕೊಟ್ಟೆ. ಚೊಂಬು ಕೈಲಿ ಹಿಡಿದುಕೊಂಡೇ ಹೇಳಿದರು, "ಯಾರದೋ ಇಸ್ಕೂಲು. ಮೊನ್ನೆ ಸಂಜೆ ಬೋರ್ಡಲ್ಲಿ ಒಂದು ಲೆಕ್ಕ ತಪ್ಪಾಗಿತ್ತು, ಅಳಿಸಿ ಸರಿಯಾಗಿ ಬರೆದ್ರು. ನಿಮಗ್ಯಾಕೆ ಸಾರ್ ಅಂದೆ. ಸೋಮವಾರ ಮಕ್ಕಳು ಬಂದು ನೋಡ್ತಾವಲ್ಲಪ್ಪಾ ಅಂದ್ರು. ಮುಂಚೆ ಆ ಊರಲ್ಲೇ ಪಾಠ ಮಾಡಿದ್ರಂತೆ. ಬೂತಲ್ಲಿ ಕೂತಿದ್ದ ಎರಡು ಪಾರ್ಟಿ ಏಜೆಂಟರೂ ಅವರ ಅತ್ರ ಓದಿದ ಐಕಳೇ. ಬೆಳಗಿಂದ ನಾಯಿಗಳಂಗೆ ಕಚ್ಚಾಡ್ತಿದ್ರು. ಸಾರ್ ಬಿದ್ದಾಗ ಒಬ್ಬ ತಲೆ ಕಡೆ ಇಡಿದ, ಒಬ್ಬ ಕಾಲ ಕಡೆ. ಜೀಪಿಗೆ ಎತ್ತಿ ಇಬ್ಬರೂ ಅತ್ತರು. ಆಮೇಲೆ ಬಂದು ಮತ್ತೆ ಎದುರುಬದುರು ಕೂತರು. ಓಟು ನಡೀತು. ನಾವು ಇಷ್ಟು ವರ್ಷ ಏನು ಕಲಿಸಿದ್ವೋ, ಏನು ಉಳೀತೋ, ನಂಗೊಂದೂ ತಿಳೀತಿಲ್ಲ."

ಅವರು ಅಷ್ಟು ಮಾತಾಡಿದ್ದು ನಾನು ಕಂಡಿದ್ದು ಕಡಿಮೆ.

ಇಬ್ಬರೂ ಮುನುಸಾಮಿ ಸಾರ್ ಮನೆಗೆ ಹೋದೆವು. ಅಲ್ಲಿ ಅಂಗಳವನ್ನು ಯಾರೋ ಚೊಕ್ಕಟವಾಗಿ ಗುಡಿಸಿ, ನೀರು ಚಿಮುಕಿಸಿ, ಕುರ್ಚಿ ಹಾಕಿದ್ದರು. ಒಂದು ಕಡ್ಡಿ ಇರಲಿಲ್ಲ. ಅದನ್ನು ನೋಡಿದ ಮೇಲೇ ನನಗೆ ಅಳು ಬಂದದ್ದು. ಸರೋಜ ನನ್ನ ಕೈ ಹಿಡಿದು, "ನಿಮ್ಮೋರು ಚೆನ್ನಾಗಿದ್ದಾರಾ ಅಕ್ಕಾ?" ಅಂತ ಕೇಳಿದಳು. ಅವಳೇ ಕೇಳಿದಳು. ಇವತ್ತಿಗೂ ಆ ಮಾತು ಎದೆಯಲ್ಲಿ ಹಾಗೇ ಇದೆ. ದೇವರು ನನಗೆ ಕೊಟ್ಟಿದ್ದಕ್ಕೆ ಕೈ ಮುಗಿಯುವಾಗಲೆಲ್ಲ ಈಗ ಅವಳ ಹೆಸರನ್ನೂ ಸೇರಿಸಿಯೇ ಮುಗಿಯುತ್ತೇನೆ.

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆವು. ಇವರು ಒಳಗೆ ಮಲಗಿದರು. ಬಾಗಿಲಲ್ಲಿ ನಿಂತು ಉಸಿರಾಡುವುದನ್ನು ಒಂದು ಸಲ ನೋಡಿದೆ. ದೀಪ ಹಚ್ಚುವ ಹೊತ್ತು ಇನ್ನೂ ಆಗಿರಲಿಲ್ಲ. ಪೊರಕೆ ತೆಗೆದುಕೊಂಡು ಪಡಸಾಲೆಯ ಮೂಲೆಯಿಂದ ಸಿಪ್ಪೆ ಗುಡಿಸತೊಡಗಿದೆ, ಅವರಿಗೆ ಎಚ್ಚರ ಆಗದ ಹಾಗೆ.