ಗಾಜಿನಡಿ ಚಪ್ಪಟೆಯಾದ ಶ್ವಾಸಕೋಶ

ಬೆಳಿಗ್ಗೆ ನಲ್ಲಿ ನೀರು ತುಂಬಿಸಿದೆ, ಮಗಳಿಗೆ ಜಡೆ ಹೆಣೆದೆ, ಇಟ್ಟಮಡುವಿನಿಂದ ಬಸ್ ಹಿಡಿದೆ, ಲ್ಯಾಬಿನ ಇನ್‌ಕ್ಯುಬೇಟರಿನಲ್ಲಿದ್ದ ಮೊಟ್ಟೆಗಳನ್ನು ತಿರುಗಿಸಿಟ್ಟೆ. ಅದು 1984. ಜಯನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಟೆಕ್ನಿಷಿಯನ್.

ಕೋಳಿ ಭ್ರೂಣದ ಶ್ವಾಸಕೋಶ ಹೇಗೆ ಕವಲೊಡೆಯುತ್ತದೆ ಎಂಬುದು ನಮ್ಮ ವಿಷಯ. ಉಸಿರಿನ ನಳಿಕೆಯಿಂದ ಹೊರಟ ಮೊಗ್ಗುಗಳು ಸುತ್ತಲಿನ ಮೆತ್ತನೆಯ ಅಂಗಾಂಶದೊಳಕ್ಕೆ ಚಾಚುತ್ತವೆ. ಆ ಅಂಗಾಂಶವನ್ನು ಸುಲಿದರೆ ಕವಲೊಡೆಯುವುದೇ ನಿಲ್ಲುತ್ತದೆ. ಭೌತಶಾಸ್ತ್ರದಿಂದ ಬಂದಿದ್ದ ನಮ್ಮ ಪ್ರೊಫೆಸರ್ ಇದನ್ನು ಒಮ್ಮೆಯೂ ನೋಡಿದವರಲ್ಲ. ಮಡಿ ಕೆಡುತ್ತದೆಂದು ಮೊಟ್ಟೆಯಿದ್ದ ಮೇಜಿನ ಹತ್ತಿರವೇ ಸುಳಿಯುತ್ತಿರಲಿಲ್ಲ. ನಾನು ತೆಗೆದ ಫೋಟೋಗಳ ಮೇಲೆ ಕೋನಮಾಪಕ ಇಟ್ಟು, ಗಾಳಿ ಸರಾಗವಾಗಿ ಹರಿಯಲೆಂದು ಕವಲುಗಳೆಲ್ಲ ಒಂದೇ ಕೋನದಲ್ಲಿ ಒಡೆಯುತ್ತವೆ ಎಂಬ ನಿಯಮ ಮಾಡಿದ್ದರು. ಇನ್ನೂ ಉಸಿರೇ ಆಡದ ಮರಿಯೊಳಗೆ ಎಂಥ ಗಾಳಿಯೋ!

ಅವರ ವಿದ್ಯಾರ್ಥಿನಿ ವನಜಾಳ ಪಿಎಚ್.ಡಿ. ಪ್ರಬಂಧ ಆ ನಿಯಮವನ್ನು ಸಾಧಿಸಬೇಕಿತ್ತು. ಶ್ವಾಸಕೋಶವನ್ನು ಉಪ್ಪುನೀರಿನ ಬಟ್ಟಲಲ್ಲಿಟ್ಟು ಅವಳು ಅಳೆದ ಕೋನಗಳೋ ಒಂದೂ ಹೊಂದುತ್ತಿರಲಿಲ್ಲ. ಪ್ರೊಫೆಸರ್ ಮೂರು ಸಲ ಮತ್ತೆ ಅಳೆಸಿದರು. ತಪ್ಪು ನನ್ನದೆಂದು ಹೊಳೆದದ್ದು ಆ ದಿನ. ಎಲ್ಲ ಕವಲೂ ಒಂದೇ ಫೋಟೋದಲ್ಲಿ ಸ್ಪಷ್ಟವಾಗಿ ಬರಬೇಕೆಂದು ಪ್ರೊಫೆಸರ್ ಹಟ ಹಿಡಿದಿದ್ದರಿಂದ, ನಾನು ಶ್ವಾಸಕೋಶದ ಮೇಲೆ ಕವರ್‌ಸ್ಲಿಪ್ ಎಂಬ ತೆಳು ಗಾಜನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿದ್ದೆ. ಒಂದೇ ಶ್ವಾಸಕೋಶವನ್ನು ಮೊದಲು ಬಟ್ಟಲಲ್ಲಿ, ಆಮೇಲೆ ಗಾಜಿನಡಿ ಇಟ್ಟು ಎರಡು ಫೋಟೋ ತೆಗೆದೆ. ಗಾಜಿನಡಿ ಕವಲುಗಳು ಕಾಲು ಚಾಚಿ ಮಲಗಿದಂತೆ ಅಗಲವಾಗಿದ್ದವು. ಫೋಟೋ ಒಣಗಿದ ಮೇಲೆ ವನಜಾಳ ಜೊತೆ ಅವರ ಕೋಣೆಗೆ ಹೋದೆ.

"ಸಾರ್, ಇವೆರಡೂ ಒಂದೇ ಶ್ವಾಸಕೋಶ. ಇಷ್ಟು ದಿನ ನೀವು ಅಳೆದಿದ್ದು ನನ್ನ ಹೆಬ್ಬೆರಳಿನ ಭಾರಾನ."

"ಶಾರದಮ್ಮ, ಸಿದ್ಧಾಂತ ಅಂದ್ರೆ ಉಪ್ಪಿನಕಾಯಿ ಹಾಕೋದಲ್ಲ."

"ಉಪ್ಪಿನಕಾಯಿ ಹಾಕೋರು ಜಾಡಿ ಒಳಗೆ ನೋಡ್ತಾರೆ ಸಾರ್. ನೀವೂ ಒಂದ್ಸಲ ಬಂದು ನೋಡಿ."

"ನಂದು ಸ್ನಾನ ಆಗಿದೆ" ಎಂದರು, ಮಧ್ಯಾಹ್ನ ಮೂರು ಗಂಟೆಗೆ! ಆಮೇಲೆ ವನಜಾಳತ್ತ ತಿರುಗಿದರು. "ಹೊಂದದೇ ಇರೋ ಅಳತೆ ತೆಗೆದುಹಾಕಮ್ಮ. ಇಲ್ಲಾಂದ್ರೆ ನಾನು ಸೈನ್ ಹಾಕಲ್ಲ."

ಅವಳು ಎರಡೂ ಫೋಟೋ ಎತ್ತಿಕೊಂಡಳು. "ಹಾಕ್ಬೇಡಿ ಸಾರ್. ಬೇರೆ ಗೈಡ್ ಹುಡುಕ್ಕೋತೀನಿ."

ಹೊರಗೆ ಬಂದು ಅವಳು ಫೋಟೋಗಳನ್ನು ಒಂದು ಲಕೋಟೆಗೆ ಹಾಕಿದಳು. "ಅಕ್ಕ, ಎರಡು ವರ್ಷ ಹೋಯ್ತು."

"ಹೋಯ್ತು" ಎಂದೆ. ಸುಳ್ಳು ಸಮಾಧಾನ ಯಾಕೆ?

ಕೈ ಕೊಳೆಯಾಗದವರ ನಿಯಮ ಎಷ್ಟೇ ಅಚ್ಚುಕಟ್ಟಾಗಿರಲಿ, ಅದಕ್ಕೆ ಫೋಟೋ ಒದಗಿಸಿದ ಕೈಯನ್ನು ಮೊದಲು ವಿಚಾರಿಸಬೇಕು. ಆ ಕೈ ನಮ್ಮದೇ ಆಗಿದ್ದರೆ ಇನ್ನೂ ಮೊದಲು. ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಆ ಸಂಜೆ ಅವಳನ್ನು ಹಾಸ್ಟೆಲಿಗೆ ಬಿಡದೆ ಮನೆಗೆ ಕರೆತಂದೆ. ಮುದ್ದೆ, ಹುರುಳಿಕಾಳಿನ ಸಾರು. ಎರಡು ಮುದ್ದೆ ಉಂಡು ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅವಳೇ, ಫೋಟೋಗಳ ಲಕೋಟೆಯನ್ನು ದಿಂಬಿನಡಿ ಇಟ್ಟುಕೊಂಡು.